ಸೂರಿಲ್ಲದವರಿಗೆ ಕೆಲಸ ಕೊಡುವ ಉದ್ಯಮ: ಶಿವಮೊಗ್ಗದಲ್ಲಿ ಶುರು ಮಾಡುವುದು ಹೇಗೆ?

ಬಸ್ ನಿಲ್ದಾಣದಲ್ಲೋ ರೈಲ್ವೆ ಸ್ಟೇಷನ್ ಹೊರಗೋ ಮಲಗಿದವರನ್ನು ನೋಡಿ "ಮೈ ಗಟ್ಟಿ ಇದೆಯಲ್ಲ, ಏನಾದರೂ ಕೆಲಸ ಮಾಡಬಾರದಾ?" ಅಂತ ಕೇಳುವವರು ನಮ್ಮಲ್ಲಿ ಬಹಳ. ಅವರಲ್ಲಿ ಎಷ್ಟೋ ಜನ ಆಗಲೇ ದುಡಿಯುತ್ತಿರುತ್ತಾರೆ. ಎಪಿಎಂಸಿಯಲ್ಲಿ ಮೂಟೆ ಹೊರುತ್ತಾರೆ, ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾರೆ, ಗುಜರಿ ಆಯುತ್ತಾರೆ, ಕೊಯ್ಲಿನ ಕಾಲಕ್ಕೆ ಅಡಿಕೆ ತೋಟಕ್ಕೆ ಹೋಗುತ್ತಾರೆ. ನಾಳೆಯೂ ಇರುತ್ತದೆ ಅನ್ನುವ ಕೆಲಸ ಮಾತ್ರ ಸಿಗುವುದಿಲ್ಲ.

ಅಂಥ ಕೆಲಸ ಕೊಡುವ ಚಿಕ್ಕ ಉದ್ಯಮವೊಂದನ್ನು ಕಟ್ಟಬೇಕು ಅಂತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನೀವು ಒಂದು ಮಹಿಳಾ ಸಂಘದವರಿರಬಹುದು, ನಿವೃತ್ತರ ಗುಂಪಿರಬಹುದು, ಈಗಾಗಲೇ ಕ್ಯಾಟರಿಂಗ್ ನಡೆಸುತ್ತಿರಬಹುದು. ನನ್ನ ಸಲಹೆ: ಒಂದೇ ಬಗೆಯ ಕೆಲಸ, ನಾಲ್ಕೇ ಜನರಿಂದ ಶುರು ಮಾಡಿ. ಐವತ್ತು ಜನರ ಯೋಜನೆ ಹಾಕಿದರೆ ಉದ್ಘಾಟನೆ ಚೆನ್ನಾಗಿ ಆಗುತ್ತದೆ, ಅಷ್ಟೇ.

ಮೊದಲು ಆಶ್ರಯ ಕೇಂದ್ರಕ್ಕೆ ಹೋಗಿ

ಬೀದಿಯಲ್ಲಿ ಕಂಡವರನ್ನು ನೇರವಾಗಿ ಕೆಲಸಕ್ಕೆ ಕರೆಯುವುದು ಬೇಡ. ಕೇಂದ್ರ ಸರ್ಕಾರದ ನಗರ ಜೀವನೋಪಾಯ ಅಭಿಯಾನ ಹಾಕಿಕೊಟ್ಟ ನಿಯಮದ ಪ್ರಕಾರ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನ ಉಳಿಯುವಷ್ಟು ಆಶ್ರಯ ಇರಬೇಕು. 2011ರ ಜನಗಣತಿಯಲ್ಲಿ ಶಿವಮೊಗ್ಗ ನಗರದ ಜನಸಂಖ್ಯೆ ಸುಮಾರು 3.22 ಲಕ್ಷ. ಅಂದರೆ ಆ ಹಳೆಯ ಲೆಕ್ಕಕ್ಕೇ 300 ಜನರಿಗೆ ಜಾಗ ಬೇಕು. ಮಹಾನಗರ ಪಾಲಿಕೆಯಲ್ಲಿ ಈ ವಿಭಾಗ ನೋಡುವವರನ್ನು ಭೇಟಿಯಾಗಿ, ನಗರ ವಸತಿರಹಿತರ ಆಶ್ರಯ ಕೇಂದ್ರ ಎಲ್ಲಿದೆ, ಎಷ್ಟು ಹಾಸಿಗೆ ಇದೆ, ಯಾರು ನಡೆಸುತ್ತಾರೆ ಅಂತ ಕೇಳಿ. ಕೇಳುವಾಗ ಈ 300ರ ಲೆಕ್ಕ ನೆನಪಿರಲಿ. ಭದ್ರಾವತಿ, ಸಾಗರದವರು ತಮ್ಮ ನಗರಸಭೆಯಲ್ಲಿ ಕೇಳಬಹುದು.

ಆಶ್ರಯ ಕೇಂದ್ರದ ಮೂಲಕ ಹೋಗುವುದಕ್ಕೆ ಕಾರಣ ಇದೆ. ರಾತ್ರಿ ಒದ್ದೆಯಾಗಿ ಕೂತವನು ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ಬರಲಾರ. ಶಿವಮೊಗ್ಗದ ಮಳೆ ಆಗುಂಬೆಯ ಮಳೆಯಲ್ಲ, ನಿಜ. ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫುಟ್‌ಪಾತ್‌ನಲ್ಲಿ ಮಲಗಿ ಎದ್ದವರ ಹತ್ತಿರ ಒಣಗಿದ ಒಂದು ಅಂಗಿ ಇರುವುದೂ ಕಷ್ಟ. ಹಾಗಾಗಿ ಮೊದಲು ಹಾಸಿಗೆ, ಆಮೇಲೆ ಹಾಜರಿ. ಈ ಕೇಂದ್ರಗಳು ದಿನದ 24 ಗಂಟೆಯೂ ತೆರೆದಿರಬೇಕು ಅಂತ ನಿಯಮವಿದೆ. ನಿಮ್ಮ ಕೆಲಸ ರಾತ್ರಿ ಪಾಳಿಯದಾದರೆ, ಹಗಲು ಮಲಗಲು ಬಿಡುತ್ತಾರಾ ಅಂತ ಮೊದಲೇ ಮಾತಾಡಿಕೊಳ್ಳಿ.

ಎಲ್ಲರೂ ಕೂಡಲೇ ಕೆಲಸಕ್ಕೆ ಸಿದ್ಧರಿರುವುದಿಲ್ಲ. ವಾರಗಟ್ಟಲೆ ಕೆಮ್ಮು ಇದ್ದವರನ್ನು ಮೊದಲು ಮೆಗ್ಗಾನ್ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಕಫ ಪರೀಕ್ಷೆ ಮಾಡಿಸಿ. ಕ್ಷಯ ಇದ್ದರೆ ಔಷಧ ಉಚಿತ, ಜೊತೆಗೆ ಪೌಷ್ಟಿಕ ಆಹಾರಕ್ಕೆ ಅಂತ ತಿಂಗಳಿಗೆ 1,000 ರೂಪಾಯಿ ಅವರ ಖಾತೆಗೆ ಬರುತ್ತದೆ. ಮನಸ್ಸಿನ ಕಾಯಿಲೆ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕೇಳಬಹುದು. ಚೆನ್ನೈನ ಬನ್ಯನ್ ಸಂಸ್ಥೆ 1993ರಿಂದ, ಬೀದಿಯಲ್ಲಿರುವ ಮಾನಸಿಕ ಅಸ್ವಸ್ಥ ಮಹಿಳೆಯರ ಜೊತೆ ಕೆಲಸ ಮಾಡುತ್ತಿದೆ. ಅಂಥವರ ವಿಷಯದಲ್ಲಿ ಚಿಕಿತ್ಸೆ ಮೊದಲು, ಕೆಲಸ ನಂತರ. ಮನೆ ಬಿಟ್ಟು ಬಂದ ಹೆಣ್ಣುಮಕ್ಕಳಿಗೆ 181 ಸಹಾಯವಾಣಿ ಮತ್ತು ಸರ್ಕಾರದ ಸಖಿ ಕೇಂದ್ರ ಇವೆ. ಹದಿನೆಂಟು ತುಂಬದ ಹುಡುಗರು ಸಿಕ್ಕರೆ ಕೆಲಸದ ಮಾತೇ ಬೇಡ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಕೆಲಸ ಹುಡುಕಬೇಡಿ, ಗಿರಾಕಿ ಹುಡುಕಿ

ಮಲೆನಾಡಿನಲ್ಲಿ ಯಾರನ್ನು ಕೇಳಿದರೂ ಮೊದಲು ಬರುವ ಐಡಿಯಾ ಅಡಿಕೆ ಹಾಳೆಯ ತಟ್ಟೆ. ಹಾಳೆ ತೋಟದಲ್ಲಿ ಬಿದ್ದಿರುತ್ತದೆ, ಮೆಷಿನ್ ಸಿಗುತ್ತದೆ, ಒತ್ತುವುದನ್ನು ಒಂದೆರಡು ದಿನದಲ್ಲಿ ಕಲಿಯಬಹುದು. ಎಲ್ಲ ಸರಿ. ಆದರೆ ಹಾಳೆಯನ್ನು ಬೇಸಿಗೆಯಲ್ಲೇ ಕೂಡಿಟ್ಟುಕೊಳ್ಳಬೇಕು. ಮಳೆ ಹಿಡಿದರೆ ಬೂಷ್ಟು ಬರುತ್ತದೆ. ಒಣ ಗೋದಾಮು ಇಲ್ಲದವರಿಗೆ ಇದು ಅರ್ಧ ವರ್ಷದ ಕೆಲಸ. ಇನ್ನೊಂದು ವಿಷಯ: 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ, ಅಡಿಕೆ ಹಾಳೆಯ ತಟ್ಟೆಗಳು ಆಹಾರಕ್ಕೆ ಸುರಕ್ಷಿತವಲ್ಲ ಅಂತ ಹೇಳಿತು. ಆ ದಾರಿಯ ರಫ್ತನ್ನು ನಂಬಿ ಲೆಕ್ಕ ಹಾಕಬೇಡಿ. ಊರಿನ ಮದುವೆ, ದೇವಸ್ಥಾನದ ಊಟದ ಆರ್ಡರ್ ಕೈಯಲ್ಲಿದ್ದರೆ ಮಾತ್ರ ಮೆಷಿನ್ ಕೊಳ್ಳಿ.

ನಾನು ಹೆಚ್ಚು ಒಪ್ಪುವುದು ಛತ್ರದ ಕೆಲಸವನ್ನು. ಕಲ್ಯಾಣ ಮಂಟಪಗಳಿಗೆ ಸ್ವಚ್ಛ ಮಾಡುವ, ಪಾತ್ರೆ ತೊಳೆಯುವ, ತರಕಾರಿ ಹೆಚ್ಚುವ ತಂಡ ಯಾವಾಗಲೂ ಬೇಕು. ಅಡುಗೆ ಭಟ್ಟರನ್ನು ಕೇಳಿ ನೋಡಿ. ಹೇಳಿದ ಹೊತ್ತಿಗೆ ನಾಲ್ಕು ಜನ ಬಂದು ನಿಲ್ಲುತ್ತಾರೆ ಅನ್ನುವ ಭರವಸೆ ಸಿಕ್ಕರೆ ಅವರು ಎರಡು ಕಾಸು ಜಾಸ್ತಿಯೇ ಕೊಡುತ್ತಾರೆ. ಊಟ ಅಲ್ಲೇ ಆಗುತ್ತದೆ, ತಲೆ ಮೇಲೆ ಸೂರಿರುತ್ತದೆ, ಹಣ ಅವತ್ತೇ ಸಿಗುತ್ತದೆ. ತೊಂದರೆ ಬರುವುದು ಆಷಾಢದಲ್ಲಿ. ಮದುವೆ ಇಲ್ಲ, ಗಿರಾಕಿ ಇಲ್ಲ. ಹಾಗಾಗಿ ಆಷಾಢಕ್ಕೆ ಬೇರೆ ಆರ್ಡರ್ ಹಿಡಿದಿಟ್ಟುಕೊಂಡೇ ಶುರು ಮಾಡಿ. ಹಾಸ್ಟೆಲ್, ಲಾಡ್ಜ್, ನರ್ಸಿಂಗ್ ಹೋಂಗಳ ಸ್ವಚ್ಛತೆ ವರ್ಷಪೂರ್ತಿ ಇರುತ್ತದೆ. ಲಾಡ್ಜಿನ ಬೆಡ್‌ಶೀಟ್ ಒಗೆಯುವ ಕೆಲಸವೂ ಒಳ್ಳೆಯದೇ. ಆದರೆ ನಮ್ಮ ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ ಅಂತ ಬೇರೆ ಹೇಳಬೇಕಾ? ಡ್ರೈಯರ್‌ಗೆ ಹಣವಿದ್ದರೆ ಮಾತ್ರ ಕೈ ಹಾಕಿ.

ಗುಜರಿ ಆಯುತ್ತಿದ್ದವರು ನಿಮ್ಮ ಗುಂಪಿನಲ್ಲಿದ್ದರೆ ಒಣ ಕಸದ ಕೆಲಸ ನೋಡಿ. ಯಾವ ಪ್ಲಾಸ್ಟಿಕ್‌ಗೆ ಎಷ್ಟು ರೇಟು ಅಂತ ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ. ಬೆಂಗಳೂರಿನಲ್ಲಿ ಹಸಿರು ದಳ ಅನ್ನುವ ಸಂಸ್ಥೆ ಕಸ ಆಯುವವರಿಗೆ ಪಾಲಿಕೆಯ ಗುರುತಿನ ಚೀಟಿ ಕೊಡಿಸಲು ಓಡಾಡಿತು. ಈಗ ಅಲ್ಲಿ ಎಷ್ಟೋ ಒಣ ಕಸ ಸಂಗ್ರಹ ಕೇಂದ್ರಗಳನ್ನು ಕಸ ಆಯುವವರೇ ನಡೆಸುತ್ತಾರೆ. ಪುಣೆಯ ಸ್ವಚ್ಛ್ ಸಹಕಾರ ಸಂಘ ಇದನ್ನೇ ಇನ್ನೂ ದೊಡ್ಡದಾಗಿ ಮಾಡಿದೆ.

ಒಟ್ಟಿನಲ್ಲಿ ಆರ್ಡರ್ ಬಾಯಿಮಾತಿನಲ್ಲಲ್ಲ, ಕಾಗದದ ಮೇಲೆ ಇರಲಿ. ಮೂರು ತಿಂಗಳಿಗೆ ಆಗುವಷ್ಟು ಆರ್ಡರ್ ಸಿಗುವ ತನಕ ಯಾರನ್ನೂ ಸೇರಿಸಿಕೊಳ್ಳಬೇಡಿ. ಸಾಗರದ ಹತ್ತಿರದ ಚರಕ ನಮ್ಮ ಜಿಲ್ಲೆಯ ಹೆಮ್ಮೆ. ಹೆಗ್ಗೋಡು ಸುತ್ತಿನ ಹೆಣ್ಣುಮಕ್ಕಳ ಕೈಮಗ್ಗ, ನೈಸರ್ಗಿಕ ಬಣ್ಣ, ನಾಡಿನ ತುಂಬಾ ಹೆಸರು. ಅಂಥ ಸಂಸ್ಥೆಯೇ 2020ರಲ್ಲಿ ದಿವಾಳಿ ಅಂತ ಘೋಷಿಸಿಕೊಳ್ಳಬೇಕಾಯಿತು. ಹೆಸರು ಎಷ್ಟೇ ಒಳ್ಳೆಯದಿರಲಿ, ಮಾರಾಟ ನಿಂತ ತಿಂಗಳು ಕೂಲಿ ಎಲ್ಲಿಂದ ಕೊಡುತ್ತೀರಿ ಅನ್ನುವುದಕ್ಕೆ ಉತ್ತರ ಬೇಕು.

ಬಟವಾಡೆ: ಇಲ್ಲೇ ಎಲ್ಲ ಇರುವುದು

ಕೆಲಸ ಕೊಟ್ಟರೂ ಬಿಟ್ಟು ಹೋದರು ಅಂತ ದೂರುವವರು ಬಹಳ ಜನ. ಆ ಕೆಲಸದ ಸಂಬಳ ಯಾವಾಗ ಕೊಡುತ್ತಿದ್ದಿರಿ ಅಂತ ಕೇಳಿ. "ತಿಂಗಳ ಕೊನೆಗೆ" ಅಂತಾರೆ. ಕೈಯಲ್ಲಿ ಒಂದು ರೂಪಾಯಿ ಇಲ್ಲದವರು ಮೂವತ್ತು ದಿನ ಏನು ತಿನ್ನಬೇಕು? ಸಂಜೆ ಮೂಟೆ ಹೊತ್ತರೆ ಸಂಜೆಯೇ ಹಣ ಸಿಗುತ್ತದೆ. ಸಹಜವಾಗಿ ಅಲ್ಲಿಗೆ ಹೋಗುತ್ತಾರೆ. ಇದನ್ನು ಸೋಮಾರಿತನ ಅನ್ನುವುದು ಅನ್ಯಾಯ.

ಹಾಗಾಗಿ ಮೊದಲ ಎರಡು ವಾರ ದಿನದ ಕೂಲಿ ದಿನವೇ ಕೊಡಿ, ಕೆಲಸ ಮುಗಿದ ಕೂಡಲೇ. ಮೂರನೇ ವಾರದಿಂದ ಅರ್ಧ ಕೂಲಿ ಆ ದಿನವೇ, ಉಳಿದರ್ಧ ಶನಿವಾರ. ಎರಡನೇ ತಿಂಗಳಲ್ಲಿ ಪೂರ್ತಿ ವಾರದ ಬಟವಾಡೆ. ತಿಂಗಳ ಸಂಬಳಕ್ಕೆ ಹೋಗುವುದು ಅವರು ಬಾಡಿಗೆಗೆ ಒಂದು ಕೋಣೆ ಹಿಡಿದ ಮೇಲೆ. ಅವಸರ ಮಾಡಬೇಡಿ. ಒಬ್ಬರಿಗೆ ವಾರದ ಬಟವಾಡೆ ಒಗ್ಗಲಿಲ್ಲ ಅಂದರೆ ದಿನಗೂಲಿಗೆ ವಾಪಸ್ ಬನ್ನಿ, ನಷ್ಟವೇನಿಲ್ಲ.

ಇದಕ್ಕೆ ಕೈಯಲ್ಲಿ ಹಣ ಬೇಕು. ಲೆಕ್ಕಕ್ಕೆ ಸುಲಭವಾಗಲಿ ಅಂತ ದಿನಕ್ಕೆ 600 ರೂಪಾಯಿ ಹಿಡಿಯೋಣ. ನಾಲ್ಕು ಜನ, 26 ದಿನ: 62,400 ರೂಪಾಯಿ. ಗಿರಾಕಿ ಬಿಲ್ ಹಣ ಕೊಡುವುದು ಒಂದೂವರೆ ತಿಂಗಳು ತಡವಾದರೂ ನೀವು ಕೂಲಿ ನಿಲ್ಲಿಸುವ ಹಾಗಿಲ್ಲ. ಅಂದರೆ ಎರಡು ತಿಂಗಳ ಕೂಲಿ, ಸುಮಾರು 1.25 ಲಕ್ಷ, ಬೇರೆ ಖಾತೆಯಲ್ಲಿ ಮುಟ್ಟದೆ ಇಟ್ಟಿರಬೇಕು. ದಾನಿಗಳ ಹತ್ತಿರ ಕೇಳುವುದಾದರೆ ಈ ಹಣವನ್ನೇ ಕೇಳಿ. ಅವರು ಮೆಷಿನ್ ಕೊಡಿಸಿ ಮೇಲೆ ಹೆಸರು ಬರೆಸಲು ಇಷ್ಟಪಡುತ್ತಾರೆ. ಕೂಲಿಯ ಹಣದ ಮೇಲೆ ಹೆಸರು ಬರೆಯಲು ಬರುವುದಿಲ್ಲ, ಅದಕ್ಕೇ ಸ್ವಲ್ಪ ಜಾಸ್ತಿ ಮಾತಾಡಬೇಕಾಗುತ್ತದೆ.

ಕೂಲಿಯ ದರ ನಿಮ್ಮ ಇಷ್ಟದ್ದಲ್ಲ. ರಾಜ್ಯ ಸರ್ಕಾರ ಕೆಲಸದ ಬಗೆ, ಊರಿನ ವಲಯ ನೋಡಿ ಕನಿಷ್ಠ ವೇತನ ನಿಗದಿ ಮಾಡುತ್ತದೆ. ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತದೆ. ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಈ ವರ್ಷದ ಪಟ್ಟಿ ಕೇಳಿ ತೆಗೆದುಕೊಳ್ಳಿ. "ಊಟ ಕೊಡ್ತೀವಲ್ಲ, ಕೂಲಿ ಕಡಿಮೆ ಮಾಡೋಣ" ಅನ್ನುವವರು ನಿಮ್ಮ ಸಮಿತಿಯಲ್ಲೇ ಒಬ್ಬರು ಇರುತ್ತಾರೆ. ಒಪ್ಪಬೇಡಿ.

ಲಂಡನ್ನಿನಲ್ಲಿ 1991ರಲ್ಲಿ ಶುರುವಾದ ಬಿಗ್ ಇಶ್ಯೂ ಪತ್ರಿಕೆಯ ಕ್ರಮ ಇಲ್ಲಿ ಕೆಲಸಕ್ಕೆ ಬರುತ್ತದೆ. ಮನೆಯಿಲ್ಲದವರು ಪತ್ರಿಕೆಯನ್ನು ಅರ್ಧ ಬೆಲೆಗೆ ಕೊಳ್ಳುತ್ತಾರೆ, ಪೂರ್ತಿ ಬೆಲೆಗೆ ಬೀದಿಯಲ್ಲಿ ಮಾರುತ್ತಾರೆ, ಉಳಿದದ್ದು ಅವರದ್ದು. ಸಂಜೆ ಹೊತ್ತಿಗೆ ಕೈಯಲ್ಲಿ ಹಣ. ಶಿವಮೊಗ್ಗದಲ್ಲಿ ಪತ್ರಿಕೆ ಮಾರಿ ಬದುಕುವುದು ಆಗದ ಮಾತು. ಆದರೆ ಸ್ವಂತವಾಗಿ ಮಾರುವ ಚಾತುರ್ಯ ಇರುವವರಿಗೆ ಹೂವು, ಊದಿನಕಡ್ಡಿ, ಕೋಡುಬಳೆ ಪ್ಯಾಕೆಟ್ಟನ್ನು ಇದೇ ಕ್ರಮದಲ್ಲಿ ಕೊಡಬಹುದು. ಮೊದಲ ದಿನದ ಸರಕು ನಿಮ್ಮದು, ಎರಡನೇ ದಿನದಿಂದ ಅವರೇ ಕೊಳ್ಳಲಿ. ಒಂದು ಎಚ್ಚರಿಕೆ: 1975ರ ಕಾಯ್ದೆಯ ಪ್ರಕಾರ ಕರ್ನಾಟಕದಲ್ಲಿ ಭಿಕ್ಷೆ ಬೇಡುವುದು ನಿಷಿದ್ಧ, ಸಿಕ್ಕವರನ್ನು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಕಳಿಸುತ್ತಾರೆ. ಮಾಸಿದ ಬಟ್ಟೆಯವರು ಸರ್ಕಲ್ಲಿನಲ್ಲಿ ಏನೋ ಹಿಡಿದು ನಿಂತರೆ ಮಾರುವವರಾ, ಬೇಡುವವರಾ ಅಂತ ಯಾರೂ ಕೇಳುವುದಿಲ್ಲ. ಫೋಟೋ, ಸಂಸ್ಥೆಯ ಹೆಸರು, ಫೋನ್ ನಂಬರ್ ಇರುವ ಗುರುತಿನ ಚೀಟಿ ಕುತ್ತಿಗೆಯಲ್ಲಿರಲಿ. ಅವರು ಖಾಯಂ ಆಗಿ ಮಾರತೊಡಗಿದರೆ ಪಾಲಿಕೆಯಲ್ಲಿ ಬೀದಿಬದಿ ವ್ಯಾಪಾರಿ ಅಂತ ನೋಂದಾಯಿಸಿ. ಬೀದಿ ವ್ಯಾಪಾರಿಗಳಿಗೆ ಕೇಂದ್ರ ಸರ್ಕಾರ ಕೊಡಿಸುವ ಪಿಎಂ ಸ್ವನಿಧಿ ಸಾಲದ ಮೊದಲ ಕಂತು 2025ರಿಂದ 15,000 ರೂಪಾಯಿವರೆಗೆ ಆಗಿದೆ.

ಮುಂಗಡ ಕೊಟ್ಟು ಕಟ್ಟಿ ಹಾಕಬೇಡಿ

ತೋಟ, ಎಸ್ಟೇಟುಗಳ ನಾಡು ನಮ್ಮದು. ಮುಂಗಡ ಕೊಡುವುದು, ತೀರುವವರೆಗೆ ಇರು ಅನ್ನುವುದು ಇಲ್ಲಿ ಹಳೆಯ ಅಭ್ಯಾಸ. ಸಾಲ ತೀರುವ ತನಕ ಬಿಟ್ಟು ಹೋಗುವ ಹಾಗಿಲ್ಲ ಅನ್ನುವುದು 1976ರ ಕಾಯ್ದೆಯಲ್ಲಿ ಜೀತ. ಮನಸ್ಸು ಎಷ್ಟೇ ಒಳ್ಳೆಯದಿದ್ದರೂ ಅದು ಜೀತವೇ. ಕಷ್ಟಕ್ಕೆ ಕೊಡಬೇಕಾದರೆ ಕೊಡಿ, ಒಂದೆರಡು ದಿನದ ಕೂಲಿಗಿಂತ ಹೆಚ್ಚು ಬೇಡ. ವಾಪಸ್ ಬರದಿದ್ದರೂ ಪರವಾಗಿಲ್ಲ ಅನ್ನುವಷ್ಟೇ ಕೊಡಿ. ಇನ್ನೊಂದು, ಅವರ ಆಧಾರ್, ಪಾಸ್‌ಬುಕ್, ಎಟಿಎಂ ಕಾರ್ಡನ್ನು "ಕಳೆದುಕೊಳ್ತಾರೆ, ನಾನೇ ಇಟ್ಟುಕೊಳ್ತೀನಿ" ಅಂತ ಇಟ್ಟುಕೊಳ್ಳಬೇಡಿ. ಬೀಗ ಇರುವ ಒಂದು ಚಿಕ್ಕ ಪೆಟ್ಟಿಗೆ ಕೊಡಿಸಿ. ಕೀಲಿ ಅವರ ಹತ್ತಿರ.

ಕಾಗದ ಪತ್ರ

ವಿಳಾಸ ಇಲ್ಲದೆ ಖಾತೆ ಇಲ್ಲ, ಖಾತೆ ಇಲ್ಲದೆ ಸಹಾಯಧನ ಇಲ್ಲ. ಈ ಗಂಟನ್ನು ಬಿಚ್ಚಲು ದಾರಿಗಳಿವೆ. ಬ್ಯಾಂಕ್ ಸಿಬ್ಬಂದಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ, ತಾಳ್ಮೆಯಿಂದ ಹೇಳಿ.

ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಬರೆದುಕೊಡುವ ಪ್ರಮಾಣಪತ್ರ ಆಧಾರ್‌ಗೆ ನಡೆಯುತ್ತದೆ. ಕೇಂದ್ರದ ಮೂಲಕವೇ ಹೋಗಿ ಅಂತ ಮೊದಲು ಹೇಳಿದ್ದಕ್ಕೆ ಇದೂ ಒಂದು ಕಾರಣ. ಹಳೆಯ ಆಧಾರ್ ಎಲ್ಲೋ ಕಳೆದಿದ್ದರೆ ಹೊಸದು ಮಾಡಿಸಲು ಹೋಗಬೇಡಿ, ಎರಡನೆಯದು ಆಗುವುದಿಲ್ಲ. ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಹಳೆಯ ನಂಬರನ್ನೇ ಹುಡುಕಿಸಿ.

ಯಾವ ದಾಖಲೆಯೂ ಇಲ್ಲದವರಿಗೆ ಬ್ಯಾಂಕಿನಲ್ಲಿ "ಸಣ್ಣ ಖಾತೆ" ತೆರೆಯಬಹುದು. ಫೋಟೋ, ಬ್ಯಾಂಕ್ ಅಧಿಕಾರಿಯ ಎದುರು ಸಹಿ ಅಥವಾ ಹೆಬ್ಬೆಟ್ಟು ಸಾಕು. ಮಿತಿ ಇದೆ: ಖಾತೆಯಲ್ಲಿ 50,000 ರೂಪಾಯಿಗಿಂತ ಜಾಸ್ತಿ ಇರುವಂತಿಲ್ಲ, ತಿಂಗಳಿಗೆ 10,000ದವರೆಗೆ ತೆಗೆಯಬಹುದು, ವರ್ಷಕ್ಕೆ ಒಟ್ಟು ಒಂದು ಲಕ್ಷದವರೆಗೆ ಜಮಾ ಆಗಬಹುದು. ಹನ್ನೆರಡು ತಿಂಗಳೊಳಗೆ ಗುರುತಿನ ದಾಖಲೆಗೆ ಅರ್ಜಿ ಹಾಕಿದ್ದು ತೋರಿಸಿದರೆ ಇನ್ನೊಂದು ವರ್ಷ ಮುಂದುವರಿಯುತ್ತದೆ.

ಮತದಾರರ ಚೀಟಿಯ ವಿಷಯ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಮನೆಯಿಲ್ಲದವರು ನಮೂನೆ 6ರಲ್ಲಿ ತಾವು ಮಲಗುವ ಜಾಗವನ್ನೇ ವಿಳಾಸವಾಗಿ ಬರೆಯಬಹುದು. ಮತಗಟ್ಟೆ ಅಧಿಕಾರಿ ರಾತ್ರಿ ಹೊತ್ತು ಬಂದು, ಅವರು ಅಲ್ಲೇ ಮಲಗುತ್ತಾರಾ ಅಂತ ನೋಡಬೇಕು. ವಿಳಾಸದ ದಾಖಲೆ ಬೇಕಿಲ್ಲ.

ರೇಷನ್ ಕಾರ್ಡ್ ಊರಲ್ಲಿ ಇದೆಯಾ ಅಂತ ಕೇಳಿ. ಹೆಸರು ಅದರಲ್ಲಿದ್ದರೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ಅಕ್ಕಿ ಪಡೆಯಬಹುದು. ಆಧಾರ್ ಮತ್ತು ಖಾತೆ ಆದ ಮೇಲೆ ಅಸಂಘಟಿತ ಕಾರ್ಮಿಕರ ಇ-ಶ್ರಮ್‌ ಪಟ್ಟಿಯಲ್ಲಿ ನೋಂದಾಯಿಸಿ, ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆ ಮಾಡಿಸಿ. ಎರಡು ಲಕ್ಷದ ವಿಮೆ ಅದು. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ ಉಚಿತ. ಆದರೆ ಮಲೆನಾಡಿನ ಎಷ್ಟೋ ರೂಟುಗಳಲ್ಲಿ ಖಾಸಗಿ ಬಸ್ಸೇ ಜಾಸ್ತಿ, ಕೆಲಸದ ಜಾಗ ಆರಿಸುವಾಗ ಇದನ್ನು ನೋಡಿಕೊಳ್ಳಿ.

ದಿನನಿತ್ಯ ನಡೆಸುವುದು

ನಾಲ್ಕು ಜನರಿಗೆ ಒಬ್ಬ ಮೇಸ್ತ್ರಿ ಬೇಕು. ಜೋರು ಮಾಡುವವರು ಬೇಡ, ಬೆಳಿಗ್ಗೆ ಆಶ್ರಯ ಕೇಂದ್ರದ ಬಾಗಿಲಲ್ಲಿ ನಿಂತು "ಹೊರಡೋಣ್ವಾ ಅಣ್ಣಾ?" ಅಂತ ಕರೆದುಕೊಂಡು ಬರುವವರು ಬೇಕು. ಮೊದಲ ತಿಂಗಳು ಅವರ ಮುಖ್ಯ ಕೆಲಸವೇ ಇದು. ಹಿಂದೆ ಬೀದಿಯಲ್ಲಿದ್ದು ಈಗ ತಮ್ಮ ಕಾಲ ಮೇಲೆ ನಿಂತುಕೊಂಡವರು ಯಾರಾದರೂ ಸಿಕ್ಕರೆ ಅವರನ್ನೇ ಮೇಸ್ತ್ರಿ ಮಾಡಿ, ಮೇಸ್ತ್ರಿಯ ಸಂಬಳವನ್ನೇ ಕೊಡಿ.

ಬೆಳಿಗ್ಗೆ ತಿಂಡಿ ಹೊಟ್ಟೆಗೆ ಬಿದ್ದಿರಲಿ. ಇಂದಿರಾ ಕ್ಯಾಂಟೀನ್ ಹತ್ತಿರದಲ್ಲಿದ್ದರೆ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ. ಸ್ನಾನಕ್ಕೆ ಬಿಸಿನೀರು, ಎರಡು ಜೊತೆ ಬಟ್ಟೆ, ಒಂದು ರೇನ್‌ಕೋಟ್, ಗಟ್ಟಿ ಚಪ್ಪಲಿ: ಇವು ಕೆಲಸದ ಸಲಕರಣೆ ಅಂತ ಲೆಕ್ಕ ಬರೆಯಿರಿ. ದಾನ ಅಂತ ಬರೆದು ಫೋಟೋ ತೆಗೆಸಬೇಡಿ.

ಬರದ ದಿನಕ್ಕೆ ಒಂದು ನಿಯಮ ಮೊದಲೇ ಇರಲಿ. ನನಗೆ ಸರಿ ಅನ್ನಿಸುವುದು ಹೀಗೆ: ಬರಲಿಲ್ಲ ಅಂದರೆ ಅವತ್ತಿನ ಕೂಲಿ ಇಲ್ಲ, ಮರುದಿನ ಬಂದರೆ ಪ್ರಶ್ನೆಯೂ ಇಲ್ಲ. ಒಂದು ವಾರ ಕಾಣಲಿಲ್ಲ ಅಂದರೆ ಮೇಸ್ತ್ರಿ ಹುಡುಕಿಕೊಂಡು ಹೋಗಲಿ. ಕುಡಿದು ಬಂದವರನ್ನು ಚಾಕು, ಮೆಷಿನ್, ಬಿಸಿ ಪಾತ್ರೆಗಳ ಹತ್ತಿರ ಬಿಡಬೇಡಿ, ಅವತ್ತು ವಾಪಸ್ ಕಳಿಸಿ. ಕುಡಿತ ಬಿಟ್ಟ ಮೇಲೆ ಬಾ ಅನ್ನುವ ಷರತ್ತು ಮಾತ್ರ ಹಾಕಬೇಡಿ. ದಿನವೂ ಹೋಗಲು ಒಂದು ಜಾಗ, ಸಂಜೆ ಕೈಗೆ ಹಣ, ಮಲಗಲು ಹಾಸಿಗೆ ಇದ್ದರೆ ಬಿಡುವುದು ಸ್ವಲ್ಪ ಸುಲಭ. ಅದಿಲ್ಲದೆ ಬಿಡು ಅನ್ನುವುದು ಸುಮ್ನೆ ಬಾಯಿಮಾತು.

ನೋಂದಣಿ ಮತ್ತು ಮಾರಾಟ

ಮೊದಲ ಕೆಲವು ತಿಂಗಳು ಒಂದು ಸ್ವಸಹಾಯ ಸಂಘವಾಗಿಯೋ ಈಗಿರುವ ನಿಮ್ಮ ಸಂಸ್ಥೆಯ ಒಂದು ಘಟಕವಾಗಿಯೋ ನಡೆಸಿ. ವ್ಯವಹಾರ ನೆಲೆಯೂರಿದ ಮೇಲೆ, ಯಾವ ರೂಪದ ಸಂಸ್ಥೆಯಾಗಿ ನೋಂದಾಯಿಸಬೇಕು ಅಂತ ಆರಿಸಿ. ಕೆಲಸಗಾರರೇ ಒಡೆಯರಾಗಬೇಕು ಅಂದರೆ ಸಹಕಾರ ಸಂಘ ಅಥವಾ 1997ರ ಕಾಯ್ದೆಯ ಸೌಹಾರ್ದ ಸಹಕಾರಿ. ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣ ಬೇಕು ಅಂದರೆ ಸೆಕ್ಷನ್ 8 ಕಂಪನಿ (ಲಾಭ ಹಂಚಿಕೊಳ್ಳದ ಕಂಪನಿ) ಅಥವಾ ಟ್ರಸ್ಟ್, ಅದರ ಜೊತೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿ. ಒಬ್ಬ ಒಳ್ಳೆಯ ಆಡಿಟರ್ ಇದನ್ನೆಲ್ಲ ಒಂದು ಗಂಟೆಯಲ್ಲಿ ಹೇಳಿಕೊಡುತ್ತಾರೆ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಉಚಿತ, ಯಾರಿಗೂ ಹಣ ಕೊಡಬೇಡಿ. ತಿನ್ನುವ ವಸ್ತು ಮಾಡಿದರೆ ಆಹಾರ ಸುರಕ್ಷತಾ ನೋಂದಣಿ ಬೇಕು. ಕೆಲಸಗಾರರು ಹತ್ತು ಜನ ಮುಟ್ಟಿದರೆ ಇಎಸ್‌ಐ, ಇಪ್ಪತ್ತು ಮುಟ್ಟಿದರೆ ಪಿಎಫ್.

ಮಾರುವಾಗ "ಪಾಪ, ಮನೆಯಿಲ್ಲದವರು ಮಾಡಿದ್ದು" ಅಂತ ಹೇಳಿ ಮಾರಬೇಡಿ. ಕನಿಕರಕ್ಕೆ ಕೊಳ್ಳುವವರು ಒಮ್ಮೆ ಕೊಳ್ಳುತ್ತಾರೆ. ಪಾತ್ರೆ ಹೊಳೆಯುತ್ತಿದ್ದರೆ, ಹೇಳಿದ ಹೊತ್ತಿಗೆ ತಂಡ ಬಂದರೆ, ಅಡುಗೆ ಭಟ್ಟರು ಮುಂದಿನ ಮದುವೆಗೂ ಕರೆಯುತ್ತಾರೆ. ಕೆಲಸಗಾರರ ಫೋಟೋ, ಹಿಂದಿನ ಕಥೆಯನ್ನು ಅವರು ಒಪ್ಪದೆ ಎಲ್ಲೂ ಹಾಕಬೇಡಿ. ಎಷ್ಟೋ ಜನರಿಗೆ ತಾವು ಬೀದಿಯಲ್ಲಿ ಮಲಗುವುದು ಊರಿನ ಮನೆಯವರಿಗೆ ಗೊತ್ತಾಗುವುದು ಬೇಡವಾಗಿರುತ್ತದೆ.

ಬಿಟ್ಟು ಹೋಗಲು ಸಹಾಯ ಮಾಡಿ

ಆರೇಳು ತಿಂಗಳು ಹಾಜರಿ ಸರಿಯಾಗಿರುವವರಿಗೆ ಬೇರೆ ಕಡೆ ಕೆಲಸ ಹುಡುಕಿಕೊಡಿ. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ, ಫೌಂಡ್ರಿಗಳು, ಆಸ್ಪತ್ರೆ ಹೌಸ್‌ಕೀಪಿಂಗ್, ಹೋಟೆಲ್ ಅಡುಗೆಮನೆ, ಎಲ್ಲ ಕಡೆಯೂ ಜನ ಬೇಕು. ನಿಮ್ಮ ಹಾಜರಿ ಪುಸ್ತಕದ ಪ್ರತಿ ಮತ್ತು ಒಂದು ಪತ್ರ ಕೊಡಿ. ಅವರ ಹತ್ತಿರ ಇರುವ ಮೊದಲ ಅನುಭವ ಪತ್ರ ಅದೇ ಆಗಿರುತ್ತದೆ.

ಬಾಡಿಗೆ ಕೋಣೆ ಹಿಡಿಯುವಾಗ ಅಡ್ವಾನ್ಸ್ ದೊಡ್ಡ ತಲೆನೋವು. ಮೂರನೇ ತಿಂಗಳಿಂದಲೇ ವಾರಕ್ಕಿಷ್ಟು ಅಂತ ಅವರ ಖಾತೆಯಲ್ಲೇ ಉಳಿಸಲು ಹೇಳಿ. ಒಬ್ಬರಿಗೆ ಕಷ್ಟವಾದರೆ ಇಬ್ಬರು ಸೇರಿ ಕೋಣೆ ಹಿಡಿಯಲಿ. ಮನೆ ಮಾಲೀಕರ ಹತ್ತಿರ ನೀವು ಒಮ್ಮೆ ಹೋಗಿ ಮಾತಾಡಿ, ಬಾಡಿಗೆ ಕರಾರು ಪತ್ರ ಮಾತ್ರ ಕೆಲಸಗಾರರ ಹೆಸರಿನಲ್ಲೇ ಆಗಲಿ. ಆ ಪತ್ರದಿಂದ ಬ್ಯಾಂಕಿನಲ್ಲಿ, ಗ್ಯಾಸ್ ಏಜೆನ್ಸಿಯಲ್ಲಿ ಮುಂದಿನ ದಾರಿ ಸುಲಭವಾಗುತ್ತದೆ.

ಹೊಸ ಕೆಲಸಕ್ಕೆ ಸೇರಿದ ಮೇಲೂ ಮೊದಲ ತಿಂಗಳು ವಾರಕ್ಕೊಮ್ಮೆ ಫೋನ್ ಮಾಡಿ. ಅಲ್ಲಿ ತಿಂಗಳ ಸಂಬಳ. ಆ ಮೊದಲ ಮೂವತ್ತು ದಿನದ ಊಟಕ್ಕೆ ಕೈಯಲ್ಲಿ ಎಷ್ಟಿದೆ ಅಂತ ಹೊರಡುವ ಮೊದಲೇ ಕೂತು ಲೆಕ್ಕ ಹಾಕಿ. ಸಾಲದಿದ್ದರೆ ಒಂದೆರಡು ವಾರ ನಿಮ್ಮಲ್ಲೇ ದುಡಿದು ಹೋಗಲಿ. ಅವರ ಜಾಗ ಖಾಲಿಯಾದ ದಿನವೇ ಆಶ್ರಯ ಕೇಂದ್ರಕ್ಕೆ ತಿಳಿಸಿ, ಇನ್ನೊಬ್ಬರನ್ನು ಕರೆಸಿ. ಅವರಿಗೆ ಮತ್ತೆ ಮೊದಲಿನಿಂದ: ದಿನದ ಕೂಲಿ ದಿನವೇ.